ರಾಚಪ್ಪ ಮಲಗಿದ ಹೊತ್ತು

ಮಧ್ಯಾಹ್ನದ ಊಟದ ಹೊತ್ತು ಕಳೆದ ಮೇಲೆ ಹೊಸಬರು ಯಾರಾದರೂ ನಮ್ಮೂರಿಗೆ ಬಂದರೆ, ಊರಿಗೆ ಊರೇ ಸತ್ತು ಬಿದ್ದಿದೆಯೇನೋ ಎಂದು ಹೆದರಿಕೊಳ್ಳುತ್ತಾರೆ. ಕಿರಾಣಿ ಅಂಗಡಿಯ ಬಸಲಿಂಗ ತಕ್ಕಡಿಯ ಪಕ್ಕದಲ್ಲೇ ತಲೆಯಿಟ್ಟಿರುತ್ತಾನೆ. ನಲ್ಲಿಯ ಹತ್ತಿರ ಕೊಡಗಳು ಸಾಲಾಗಿ ನಿಂತಿರುತ್ತವೆ, ಹಿಡಿಯುವವರಿಲ್ಲ. ಕ್ಷೌರದಂಗಡಿಯ ಕುರ್ಚಿಯಲ್ಲಿ ಅರ್ಧ ಗಡ್ಡ ಬೋಳಿಸಿಕೊಂಡವನೊಬ್ಬ ಬಾಯಿ ತೆರೆದುಕೊಂಡು ಒರಗಿರುತ್ತಾನೆ, ಬೋಳಿಸುವವನು ಅವನ ಕಾಲ ಬುಡದಲ್ಲಿ ಮುದುಡಿಕೊಂಡಿರುತ್ತಾನೆ. ಹೆದ್ದಾರಿಯ ಅಂಚಿನುದ್ದಕ್ಕೂ ಲಾರಿಗಳು ನಿಂತಿರುತ್ತವೆ, ಮನೆ ಮನೆಯ ಜಗಲಿಯ ಮೇಲೂ ಒಬ್ಬೊಬ್ಬ ಡ್ರೈವರು ಮುಖದ ಮೇಲೆ ಟವೆಲ್ಲು ಹಾಕಿಕೊಂಡು ಮಲಗಿರುತ್ತಾನೆ.

ಜಗಲಿಯ ಮೇಲೆ ಡ್ರೈವರು ಮಲಗಿದರೆ ಆ ಮನೆಯವರಿಗೆ, ಊರಲ್ಲಿ ಎಲ್ಲೇ ಇದ್ದರೂ, ನಿದ್ದೆ. ಅವನು ಎದ್ದರೆ ಇವರಿಗೂ ಎಚ್ಚರ. ಅವನು ಬಾರದಿದ್ದರೆ ಕಣ್ಣು ಬಿಟ್ಟುಕೊಂಡು ಕೂರುವುದು. ನಮ್ಮೂರಲ್ಲಿ ಹುಟ್ಟಿದವರದು ಇಷ್ಟೇ. ಮಲಗುವವನು ಆ ದಿನ ಸ್ಟೇರಿಂಗ್ ಹಿಡಿದು ಬಂದವನೇ ಆಗಿರಬೇಕು. ಬಸ್ಸಿನಲ್ಲಿ ಬರುವ ನೆಂಟರಿಂದ ಏನೂ ಉಪಯೋಗವಿಲ್ಲ, ಅವರೂ ನಮ್ಮ ಜೊತೆ ಕಣ್ಣು ಉಜ್ಜಿಕೊಳ್ಳುತ್ತ ಎರಡು ದಿನ ಇದ್ದು ಹೋಗುತ್ತಾರೆ. ಊರು ಬಿಟ್ಟು ಹೋಗಿ ನೋಡಿದವರೂ ಇದ್ದಾರೆ. ಹೊರಗೆ ಇನ್ನೂ ಕಷ್ಟ. ಅಲ್ಲಿ ಯಾವ ಡ್ರೈವರು ಮಲಗಿದರೂ ನಮಗೆ ಹತ್ತುವುದಿಲ್ಲ. ತಿಂಗಳು ತುಂಬುವುದರೊಳಗೆ ಕೆಂಪು ಕಣ್ಣು ಹೊತ್ತುಕೊಂಡು ಮರಳಿ ಬರುತ್ತಾರೆ.

ಹಾಗಾಗಿ ನಮ್ಮಲ್ಲಿ ಹೆಣ್ಣು ಕೇಳಲು ಬಂದವರು ಹೊಲ ಎಷ್ಟು ಎಂದು ಕೇಳುವುದಿಲ್ಲ, ಜಗಲಿ ಎಷ್ಟುದ್ದ, ವಾರಕ್ಕೆ ಎಷ್ಟು ಲಾರಿ ನಿಲ್ಲುತ್ತವೆ ಎಂದು ಕೇಳುತ್ತಾರೆ. ಇನ್ನೊಬ್ಬರ ಮನೆಯ ಡ್ರೈವರನ್ನು ಕೋಳಿ ಸಾರಿನ ಆಸೆ ತೋರಿಸಿ ಎಳೆದುಕೊಂಡರೆ ಅದಕ್ಕಿಂತ ದೊಡ್ಡ ಜಗಳ ಇಲ್ಲ. ಡ್ರೈವರುಗಳೂ ಒಳ್ಳೆಯ ಜನ, ಮಲಗುವ ಮುಂಚೆ ಒಂದು ಕೂಗು ಹಾಕುತ್ತಾರೆ. ಇಲ್ಲದಿದ್ದರೆ ಒಲೆಯ ಮುಂದೆ ಕೂತವಳ ಗತಿ ಏನು? ಬಾವಿಯಲ್ಲಿ ನೀರು ಸೇದುವವಳ ಗತಿ ಏನು? "ಮಲಗ್ತಾ ಇದೀನ್ರಪ್ಪೋ!" ಎಂದು ಜಗಲಿಯಿಂದ ಜಗಲಿಗೆ ಕೂಗು ಹೋಗುತ್ತದೆ, ಜನ ಇದ್ದಲ್ಲೇ ಕೆಲಸ ಬಿಟ್ಟು ಗೋಡೆ ಹಿಡಿದು ಕೂರುತ್ತಾರೆ.

ನಾನು ಚೌಡಮ್ಮ. ಲಾರಿಯವರ ಬಾಯಲ್ಲಿ ಚೌಡಕ್ಕ. ಹರಿದ ಟಾರ್ಪಾಲು ಹೊಲಿಯುವುದು ನನ್ನ ಕೆಲಸ. ಶಾಲೆಯ ಮೆಟ್ಟಿಲು ಹತ್ತಿದವಳಲ್ಲ, ಲಾರಿಗಳ ಹಿಂದೆ ಬರೆದದ್ದನ್ನು ಓದಿ ಓದಿಯೇ ಅಕ್ಷರ ಕಲಿತೆ. ಗಂಡ ಹೋಗಿ ಬಹಳ ಕಾಲವಾಯಿತು, ಮಕ್ಕಳಿಲ್ಲ. ಒಬ್ಬಳೇ ಇರುವ ಮನೆಗೆ ಡ್ರೈವರುಗಳು ಬರುವುದು ಕಡಿಮೆ. ಜನ ತುಂಬಿದ ಮನೆಯಲ್ಲಿ ನಗು ಇರುತ್ತದೆ, ಬಿಸಿ ರೊಟ್ಟಿ ಇರುತ್ತದೆ, ಅಲ್ಲಿಗೆ ಹೋಗುತ್ತಾರೆ. ನನ್ನ ಜಗಲಿಗೆ ಖಾಯಮ್ಮಾಗಿ ಬರುತ್ತಿದ್ದವನು ಒಬ್ಬನೇ, ರಾಚಪ್ಪ.

ಒಣಮೆಣಸಿನಕಾಯಿ ಲೋಡಿನ ಲಾರಿ ಅವನದು. ವಾರಕ್ಕೊಮ್ಮೆ ಹೋಗುವಾಗ ನಿಲ್ಲಿಸುತ್ತಿದ್ದ, ಒಮ್ಮೊಮ್ಮೆ ಬರುವಾಗಲೂ. ಅವನು ಬಂದದ್ದು ಲಾರಿ ಕಾಣುವ ಮೊದಲೇ ಗೊತ್ತಾಗುತ್ತಿತ್ತು, ಬೀದಿಯ ಕೊನೆಯ ಮನೆಯಿಂದ ಸೀನು ಶುರುವಾಗುತ್ತಿತ್ತು. ಪಕ್ಕದ ಮನೆಯ ಗುರುಸಿದ್ದಮ್ಮ ಮೂಗಿಗೆ ಸೆರಗು ಒತ್ತಿಕೊಂಡು, "ಬಂದ ನೋಡೇ ನಿನ್ನ ಘಾಟು!" ಎನ್ನುತ್ತಿದ್ದಳು. ಆ ಹೊತ್ತಿಗೆ ನಾನು ನಿದ್ದೆಯಿಲ್ಲದೆ ವಾರ ಕಳೆದಿರುತ್ತಿದ್ದೆ. ದಬ್ಬಣ ಚುಚ್ಚಿದ್ದು ಟಾರ್ಪಾಲಿಗೋ ಬೆರಳಿಗೋ ತಿಳಿಯದಷ್ಟು ಕಣ್ಣು ಉರಿಯುತ್ತಿರುತ್ತಿತ್ತು. ಆದರೂ ಅವನನ್ನು ಕಂಡರೆ ಬಾಯಿಗೆ ಎಲ್ಲಿಲ್ಲದ ಮಾತು.

"ಲೇಟಾಯ್ತಲ್ಲೋ ಅಣ್ಣಯ್ಯ?"

"ಮಂಡಿ ಗೇಟಲ್ಲಿ ಕಾಯಿಸಿದ್ರು ಕಣಕ್ಕ. ತೂಕದವನು ಊಟಕ್ಕೆ ಹೋದ, ಚೀಟಿಯವನು ಅವನನ್ನ ಹುಡುಕಿಕೊಂಡು ಹೋದ, ನಾನು ಇಬ್ಬರನ್ನೂ ಕಾಯ್ಕೊಂಡು ಕೂತೆ. ಏನಿಟ್ಟಿದೀಯ?"

"ಹುರುಳಿ ಸಾರು."

"ಹೋದ ವಾರಾನೂ ಅದೇ."

"ಹೋದ ವಾರದ್ದೇ ಕಣೋ. ನಿನಗೇ ಅಂತ ಎತ್ತಿಟ್ಟಿದ್ದೆ."

ಅವನು ನಗುತ್ತಿದ್ದ. ಉಂಡು, ಟಯರುಗಳನ್ನು ಕೈಯಿಂದ ಒಂದೊಂದು ಸಲ ತಟ್ಟಿ, ಹಗ್ಗ ಎಳೆದು ನೋಡಿ, ಜಗಲಿಗೆ ಬಂದು ಚಾಪೆ ಬಿಡಿಸುತ್ತಿದ್ದ. "ಚೌಡಕ್ಕಾ, ಒಲೆ ಆರಿಸಿದ್ಯಾ?" ಇದು ಅವನ ಕೂಗು. "ಆರಿಸಿದೆ" ಎಂದು ಹೇಳಿ ನಾನು ಒಳಗೆ ಬಾಗಿಲ ಹಿಂದೆಯೇ ಮಲಗುತ್ತಿದ್ದೆ. ಆಮೇಲೆ ಯಾರೋ ಕೈ ಹಿಡಿದು ಬಾವಿಯೊಳಗೆ ಇಳಿಸಿದ ಹಾಗೆ, ತಣ್ಣಗೆ.

ಅವನು ಎಂದೂ ಹೊಸಿಲು ದಾಟಿ ಒಳಗೆ ಬಂದವನಲ್ಲ. ಆದರೂ ನಮ್ಮಿಬ್ಬರ ನಡುವೆ ಒಂದು ಬಾಗಿಲು ಇತ್ತು ಅಷ್ಟೇ, ಒಂದೇ ನಿದ್ದೆ ಇತ್ತು. ಹೆಂಡತಿ ತೀರಿಹೋದ ಮೇಲೆ ಅವನಿಗೂ ಮನೆಯೆಂದು ಇರಲಿಲ್ಲ, ಅಕ್ಕನ ಊರಲ್ಲಿ ಒಂದು ಪೆಟ್ಟಿಗೆ ಇಟ್ಟಿದ್ದ. ಉಳಿದ ಕಡೆಯೆಲ್ಲ ಕ್ಯಾಬಿನ್‌ನಲ್ಲೇ ಮಲಗುತ್ತಿದ್ದ. "ಅದು ನಾಯಿ ನಿದ್ದೆ ಅಕ್ಕ. ಒಂದು ಕಿವಿ ಡೀಸೆಲ್ ಟ್ಯಾಂಕಿನ ಮೇಲಿರುತ್ತೆ. ನಿನ್ನ ಜಗಲಿ ಮೇಲೆ ಮಾತ್ರ ನಾನು ಮನುಷ್ಯನ ಹಾಗೆ ಮಲಗೋದು" ಎನ್ನುತ್ತಿದ್ದ. ಇಂಥ ಮಾತನ್ನು ಹೇಳಿ ಅವನು ಹಲ್ಲುಜ್ಜಲು ಹೋಗಿಬಿಡುತ್ತಿದ್ದ. ನಾನು ಅದನ್ನು ವಾರವಿಡೀ ಹೊಲಿಗೆಯ ಜೊತೆ ಇಟ್ಟುಕೊಳ್ಳುತ್ತಿದ್ದೆ.

ಕಳೆದ ಬೇಸಿಗೆಯಲ್ಲಿ ಒಂದು ದಿನ ಉಣ್ಣುತ್ತ ಉಣ್ಣುತ್ತ ತಟ್ಟೆಯಲ್ಲೇ ಕಣ್ಣಿಟ್ಟುಕೊಂಡು ಹೇಳಿದ, "ಕಣ್ಣು ಕೈ ಕೊಡ್ತಾ ಇದೆ ಚೌಡಕ್ಕ. ಎದುರು ಗಾಡಿ ಒಂದೋ ಎರಡೋ ಗೊತ್ತಾಗಲ್ಲ. ಮಾಲೀಕರಿಗೆ ನಾನೇ ಹೇಳಿದೆ. ಮುಂದಿನ ಲೋಡೇ ಕಡೇದು."

ಸಾರಿನ ಸೌಟು ನನ್ನ ಕೈಯಲ್ಲೇ ನಿಂತಿತು. "ಆಮೇಲೆ?"

"ಪೆರುಮಾಳ್ ಅಂತ ಒಬ್ಬ ಇದಾನೆ, ಒಳ್ಳೆಯವನು. ನನ್ನ ಪಕ್ಕ ಕೂತು ದಾರಿ ನೋಡಿಕೊಂಡು ಬರ್ತಾನೆ. ಇಲ್ಲೇ ಕೀ ಕೊಟ್ಟುಬಿಡ್ತೀನಿ. ಅವನು ಲಾರಿ ತಗೊಂಡು ಹೋಗ್ತಾನೆ."

"ನೀನು?"

"ನಾನು ಇಲ್ಲೇ ಇದ್ದುಬಿಡ್ತೀನಿ ಅಂತ." ಅನ್ನ ಕಲಸುತ್ತಿದ್ದ ಕೈ ನಿಂತಿತು. "ಜಗಲಿ ಮೇಲೇ. ನೀನು ಹೂಂ ಅಂದ್ರೆ. ಟಾರ್ಪಾಲು ಹಿಡಿದುಕೊಳ್ಳೋಕೆ ಒಬ್ಬರು ಬೇಕಲ್ಲ ನಿನಗೂ. ದಿನಾ ಮಧ್ಯಾಹ್ನ ಮಲಗ್ತೀನಿ. ನಿನಗೂ ದಿನಾ ನಿದ್ದೆ."

ಆಗಲೇ ಹೇಳಬೇಕಿತ್ತು. "ಸಾರು ಹಾಕಲಾ?" ಎಂದೆ. "ಹಾಕು" ಎಂದ. ಅವತ್ತಿನ ನಿದ್ದೆಯನ್ನು ಏನೆಂದು ಹೇಳಲಿ, ಎದ್ದ ಮೇಲೂ ಕೈಕಾಲಿಗೆ ಅಂಟಿಕೊಂಡಿತ್ತು.

ಹೇಳಬೇಕಿದ್ದ ಮಾತು ಇದು. ಹೊರಗಿನವನೊಬ್ಬ ನಮ್ಮೂರಲ್ಲಿ ನೆಲೆ ನಿಂತರೆ, ಅವನ ಲಾರಿ ಅವನನ್ನು ಬಿಟ್ಟು ಹೊರಟುಹೋದ ಗಳಿಗೆಗೆ ಅವನೂ ನಮ್ಮವನೇ. ಅವನ ನಿದ್ದೆ ಅಲ್ಲಿಗೆ ಮುಗಿಯಿತು. ಮುಂದೆ ಅವನೂ ನಮ್ಮ ಹಾಗೆ ಹೆದ್ದಾರಿ ನೋಡುತ್ತ ಕೂರಬೇಕು. ಅಂಥವರು ಊರಲ್ಲಿ ಹೆಚ್ಚಿಲ್ಲ, ಪಂಚರ್ ಅಂಗಡಿಯ ಮುನಾಫ್ ಒಬ್ಬ. ಟ್ಯಾಂಕರ್ ಓಡಿಸುತ್ತಿದ್ದವನು, ನಮ್ಮೂರ ಹುಡುಗಿಯನ್ನು ಮೆಚ್ಚಿ ಮದುವೆಯಾಗಿ ಇಲ್ಲೇ ಉಳಿದ.

ರಾಚಪ್ಪ ಹೋದ ಮೂರನೆಯ ದಿನ ಮುನಾಫನ ಅಂಗಡಿಗೆ ಹೋದೆ. ನೀರಿನ ತೊಟ್ಟಿಯಲ್ಲಿ ಟ್ಯೂಬು ಮುಳುಗಿಸಿ ಗುಳ್ಳೆ ನೋಡುತ್ತಿದ್ದ.

"ಏನಮ್ಮಾ ಚೌಡಕ್ಕ, ಜಗಲಿಗೆ ಸುಣ್ಣ ಹೊಡೆದಿದೀಯಂತೆ? ಗುರುಸಿದ್ದಮ್ಮ ಊರೆಲ್ಲ ಸಾರಿಕೊಂಡು ಬಂದಳು."

"ಅವಳ ಬಾಯಿಗೆ ನಿನ್ನ ಪ್ಯಾಚು ಹಾಕೋ."

"ಹಾಕಿದ್ರೂ ನಿಲ್ಲಲ್ಲ, ಪ್ರೆಶರ್ ಜಾಸ್ತಿ ಇದೆ." ಅವನು ನಕ್ಕ. ನಾನು ನಗಲಿಲ್ಲವೆಂದು ಕಂಡು ಟ್ಯೂಬು ಪಕ್ಕಕ್ಕಿಟ್ಟ. "ಹೇಳಿದ್ಯಾ ಅವನಿಗೆ?"

"ಇಲ್ಲ."

ಮುನಾಫ್ ಲುಂಗಿಗೆ ಕೈ ಒರೆಸಿಕೊಂಡ. "ನನ್ನ ಟ್ಯಾಂಕರನ್ನ ಬೇರೆಯವನು ತಗೊಂಡು ಹೋದ. ಟಾಟಾ ಮಾಡಿ ಬಂದು ಮಲಗಿದೆ. ಮಲಗಿದೆ ಅಷ್ಟೇ. ಮಾರನೇ ದಿನ, ಅದರ ಮಾರನೇ ದಿನ, ಹಂಗೇ. ಕಾಯಿಲೆ ಅಂದುಕೊಂಡೆ. ಆಮೇಲೆ ಅವಳು ಹೇಳಿದಳು. ಮೊದಲೇ ಯಾಕೆ ಹೇಳಲಿಲ್ಲ ಅಂತ ಕೇಳಿದೆ. ಹೇಳಿದ್ರೆ ಉಳೀತಿದ್ಯಾ ಅಂದಳು."

"ಉಳೀತಿದ್ಯಾ?"

"ಉಳೀತಿದ್ದೆ ಅಕ್ಕ. ಆಣೆಗೂ ಉಳೀತಿದ್ದೆ. ಆದ್ರೆ ಅವಳು ಅದನ್ನ ಇವತ್ತಿಗೂ ನಂಬಲ್ಲ. ಏನು ಮಾಡಲಿ?" ಮತ್ತೆ ಟ್ಯೂಬನ್ನು ನೀರಿಗೆ ಹಾಕಿದ.

ಮನೆಗೆ ಬಂದು ಬಹಳ ಲೆಕ್ಕ ಹಾಕಿದೆ. ಹೇಳದಿದ್ದರೆ ರಾಚಪ್ಪ ಉಳಿಯುತ್ತಾನೆ, ನಿದ್ದೆ ಹೋಗುತ್ತದೆ. ಆದರೆ ಎಚ್ಚರವಾಗಿದ್ದರೂ ಎದುರಿಗೆ ಒಬ್ಬ ಮನುಷ್ಯ ಇರುತ್ತಾನೆ. ಟಾರ್ಪಾಲಿನ ಆ ತುದಿ ಹಿಡಿದುಕೊಂಡು ಗೇಟಿನ ಕತೆ ಹೇಳುತ್ತಾನೆ. ಎಂದಾದರೂ ಯಾರೋ ಡ್ರೈವರು ದಾರಿ ತಪ್ಪಿ ನಮ್ಮ ಜಗಲಿಗೆ ಬಂದರೆ ಇಬ್ಬರೂ ಒಟ್ಟಿಗೇ ಮಲಗುತ್ತೇವೆ. ಹೇಳಿದರೆ? ಹೇಳಿದರೂ ಅವನು ಮುನಾಫನ ಹಾಗೆ ಉಳಿದಾನು. ಉಳಿಯುತ್ತಾನೆ ಎಂದೇ ನನ್ನ ಮನಸ್ಸು ಹೇಳುತ್ತಿತ್ತು. ನೀರು ತರುವಾಗ, ಅಕ್ಕಿ ಆರಿಸುವಾಗ, ಅವನು ಹೇಗೆ ಹೇಳುತ್ತಾನೆ ಎಂದು ಅವನ ದನಿಯಲ್ಲೇ ಹೇಳಿಕೊಂಡು ನೋಡುತ್ತಿದ್ದೆ. "ನಿದ್ದೆ ಹೋದ್ರೆ ಹೋಯ್ತು ಬಿಡು ಚೌಡಕ್ಕ." ಹೀಗೆ ಹೇಳುತ್ತಾನೆ. "ಬೇಕಾದಷ್ಟು ಮಲಗಿದೀನಿ ಬಿಡು." ಹೀಗೂ ಹೇಳಬಹುದು.

ಅವನು ಬಂದ ದಿನ ಬೀದಿಯೆಲ್ಲ ಸೀನಿತು. ಲಾರಿ ನಿಲ್ಲಿಸಿ ಇಳಿದವನೇ ಮೆಣಸಿನಕಾಯಿ ಮೂಟೆಗಳ ಮೇಲಿಂದ ಎರಡು ಹೊಸ ಹಾಸಿಗೆ ಉರುಳಿಸಿದ. ಹತ್ತಿ ತುಂಬಿ ಹೊಲಿಸಿದವು, ನೀಲಿ ಗೆರೆಯ ಬಟ್ಟೆ. ಕ್ಯಾಬಿನ್‌ನಿಂದ ತಗಡಿನ ಪೆಟ್ಟಿಗೆ ಇಳಿಸಿದ.

"ನಿನಗೊಂದು, ನನಗೊಂದು. ಇನ್ನು ಚಾಪೆ ಸಾಕು" ಎಂದ. ಎಳೆಮಗುವಿನ ಹಾಗೆ ಮುಖ ಅರಳಿತ್ತು.

ಪಕ್ಕದ ಸೀಟಿನಿಂದ ಪೆರುಮಾಳ್ ಇಳಿದ. ತೆಳ್ಳಗೆ, ನರೆತ ಮೀಸೆ, ಹಣೆಗೆ ವಿಭೂತಿ. "ವಣಕ್ಕಂ ಅಕ್ಕ. ಅಣ್ಣ ದಾರಿ ಪೂರ್ತಿ ನಿಮ್ಮ ಜಗಲಿ ಬಗ್ಗೆ ಹೇಳಿದ್ದು. ನಾನು ದೊಡ್ಡ ಬಂಗಲೆ ಅಂತ ಎಣಿಸಿದೆ."

"ಬಂಗಲೆನೇ, ಒಳಗಡೆ ಐತೆ. ಕೈಕಾಲು ತೊಳಕೊಳ್ಳಿ" ಎಂದೆ.

ಅವನು ಉಂಡು, ಸಂಜೆಯೊಳಗೆ ಘಾಟಿ ಇಳಿಯಬೇಕೆಂದು ಹೇಳಿ, ಮುನಾಫನ ಅಂಗಡಿಯ ಪಕ್ಕದ ಚಹಾದಂಗಡಿಗೆ ಹೋದ. ಲಾರಿಯ ಕೀ ಇನ್ನೂ ರಾಚಪ್ಪನ ಅಂಗಿಯ ಜೇಬಿನಲ್ಲಿತ್ತು. ಅದರ ತುದಿ ಹೊರಗೆ ಕಾಣುತ್ತಿತ್ತು. ರಾಚಪ್ಪ ಹಾಸಿಗೆಯನ್ನು ಜಗಲಿಯ ಮೇಲೆ ಹಾಸಿ, ಕೈಯಿಂದ ತಟ್ಟಿ, ಎಲ್ಲಿ ತಲೆ ಎಲ್ಲಿ ಕಾಲು ಎಂದು ನೋಡುತ್ತಿದ್ದ.

"ಕೂತ್ಕೋ ರಾಚಪ್ಪ. ಒಂದು ಮಾತು ಹೇಳಬೇಕು."

ಹೇಳಿದೆ. ಹೊಸಿಲ ಒಳಗೆ ನಿಂತುಕೊಂಡೇ ಹೇಳಿದೆ. ಮುನಾಫನ ಕತೆಯನ್ನೂ ಹೇಳಿದೆ. ಮೊದಲು ನಕ್ಕ, "ಏ, ತಮಾಷೆ ಮಾಡಬೇಡ." ಆಮೇಲೆ ನನ್ನ ಮುಖ ನೋಡಿದ. ಹಾಸಿಗೆಯ ಅಂಚಿನ ದಾರ ಹಿಡಿದು ಎಳೆಯತೊಡಗಿದ. ಎದುರಿನ ಮನೆಯ ಜಗಲಿಯಿಂದ "ಮಲಗ್ತಾ ಇದೀನ್ರಪ್ಪೋ" ಎಂಬ ಕೂಗು ಬಂತು. ಆ ಮನೆಯ ಸದ್ದು ನಿಂತಿತು.

"ಪೂರ್ತಿ ಹೋಗುತ್ತಾ?"

"ಪೂರ್ತಿ."

"ಯಾರಾದ್ರೂ ಬಂದು ಮಲಗಿದ್ರೆ ಬರುತ್ತೆ?"

"ಬಂದ್ರೆ ಬರುತ್ತೆ. ನನ್ನ ಜಗಲಿಗೆ ನೀನು ಬಿಟ್ರೆ ಯಾರು ಬರ್ತಾರೆ ಹೇಳು. ಕಾಯಬೇಕು."

ನಾನು ಕಾದೆ. ನಾನು ಮನೆಯಲ್ಲಿ ಅಭ್ಯಾಸ ಮಾಡಿಟ್ಟ ಮಾತುಗಳಲ್ಲಿ ಯಾವುದು ಬರುತ್ತದೋ ಎಂದು ಅವನ ತುಟಿಯನ್ನೇ ನೋಡುತ್ತಿದ್ದೆ.

"ಚೌಡಕ್ಕ," ಎಂದ ಕೊನೆಗೆ. ದನಿ ಬಹಳ ಕೆಳಗಿತ್ತು. "ನಾನು ಹುಟ್ಟಿದಾಗಿನಿಂದ ಕಾಯೋದೇ ಆಯ್ತು. ಗೇಟಲ್ಲಿ ಕಾದೆ, ತೂಕಕ್ಕೆ ಕಾದೆ, ಹಮಾಲರಿಗೆ ಕಾದೆ. ಹೆಂಡತಿ ಆಸ್ಪತ್ರೆಯಲ್ಲಿದ್ದಾಗ ಚೆಕ್‌ಪೋಸ್ಟಲ್ಲಿ ಎರಡು ದಿನ ಕಾದುಕೊಂಡು ಕೂತಿದ್ದೆ. ಯಾರನ್ನೂ ಕೇಳದೆ, ಯಾರ ಚೀಟೀನೂ ಇಲ್ಲದೆ ನನಗೆ ಸಿಗ್ತಾ ಇದ್ದದ್ದು ಇದೊಂದೇ. ಇದಕ್ಕೂ ಕಾಯೋದು ನನ್ನ ಕೈಲಿ ಆಗಲ್ಲ."

"ಹೂಂ" ಎಂದೆ.

"ಬೇಜಾರು ಮಾಡ್ಕೊಂಡ್ಯಾ?"

"ಇಲ್ಲ ಬಿಡು. ಅದಕ್ಕೇ ಹೇಳಿದ್ದು."

"ನಾನು ಉಳಿದ್ರೂ ನಿನಗೆ ನಿದ್ದೆ ಇಲ್ಲ, ಹೋದ್ರೂ ಇಲ್ಲ. ಹೋದ್ರೆ ನನಗಾದ್ರೂ ನಾಯಿ ನಿದ್ದೆ ಇರುತ್ತೆ. ತಪ್ಪಾ ಚೌಡಕ್ಕ?"

ತಪ್ಪು ಎಂದರೆ ಅವನು ಉಳಿಯುತ್ತಿದ್ದನೋ ಏನೋ. ಅವನ ಕಣ್ಣು ನೋಡಿದರೆ ಹಾಗೆ ಕಂಡಿತು. "ಅಕ್ಕನ ಮನೆಗೆ ಹೋಗು. ಹೊತ್ತಿಗೆ ಸರಿಯಾಗಿ ಊಟ ಮಾಡು. ಕಣ್ಣಿಗೆ ಔಷಧಿ ಹಾಕಿಸ್ಕೋ" ಎಂದೆ.

ಅವನು ಎದ್ದು ನಿಂತ. ಮತ್ತೆ ಕೂತ. "ಕೀ ಇನ್ನೂ ನನ್ನ ಹತ್ರನೇ ಐತೆ. ಪೆರುಮಾಳ್ ಬರೋದರೊಳಗೆ ಒಂದು ಗಳಿಗೆ ಮಲಗ್ತೀನಿ. ನೀನು ಮಲಗಿ ವಾರ ಆಯ್ತಲ್ಲ. ಇವತ್ತಿನ ದಿನವಾದ್ರೂ ಚೆನ್ನಾಗಿ ಮಲಕ್ಕೋ." ಹೊಸ ಹಾಸಿಗೆಯ ಮೇಲೆ ಅಡ್ಡಾಗಿ ಮುಖಕ್ಕೆ ಟವೆಲ್ಲು ಎಳೆದುಕೊಂಡ. "ಒಲೆ ಆರಿಸಿದ್ಯಾ?"

"ಆರಿಸಿದೆ."

ಬಾಗಿಲ ಹಿಂದೆ ಮಲಗಿ ಕಣ್ಣು ಮುಚ್ಚಿಕೊಂಡೆ. ಬರಲಿಲ್ಲ. ತೊಲೆಯಲ್ಲಿ ಹಲ್ಲಿ ಲೊಚಗುಟ್ಟಿತು. ಎದುರುಮನೆಯವರ ತೊಟ್ಟಿಲ ಮಗು ನಿದ್ದೆಯಲ್ಲೇ ಚೀಪುವ ಸದ್ದು ಕೇಳಿಸಿತು. ನಮ್ಮ ಬೀದಿಯ ಮಧ್ಯಾಹ್ನಕ್ಕೆ ಇಷ್ಟೊಂದು ಸದ್ದಿದೆಯೆಂದು ರಾಚಪ್ಪ ಬಂದ ದಿನಗಳಲ್ಲಿ ನನಗೆ ಗೊತ್ತೇ ಆಗಿರಲಿಲ್ಲ. ಹೊರಗೆ ಅವನು ಮಗ್ಗುಲು ಬದಲಿಸಿದ, ಹಾಸಿಗೆಯ ಹೊಸ ಬಟ್ಟೆ ಸರಗುಟ್ಟಿತು. ಸ್ವಲ್ಪ ಹೊತ್ತಿಗೆ ಅವನ ಗೊರಕೆ ಶುರುವಾಯಿತು.

ಗೊರಕೆ! ಮೆಲ್ಲಗೆ ಎದ್ದು, ಗಂಟಲಲ್ಲಿ ಒಂದು ಸುತ್ತು ಸುತ್ತಿ, ಉಸ್ಸೆಂದು ಬಿಡುವ ಗೊರಕೆ. ಅವನು ನಿಜವಾಗಿ ಮಲಗಿದ್ದರೆ ನಾನು ಕೇಳಿಸಿಕೊಳ್ಳಲು ಎಚ್ಚರವಾಗಿ ಇರುತ್ತಿದ್ದೆನೇ? ಇಷ್ಟು ವರ್ಷದಲ್ಲಿ ಅವನು ಗೊರಕೆ ಹೊಡೆಯುತ್ತಾನೋ ಇಲ್ಲವೋ ಎಂಬುದೇ ನನಗೆ ತಿಳಿಯದು. ಅವನಿಗೂ ತಿಳಿದಿರಲಿಕ್ಕಿಲ್ಲ. ನಿದ್ದೆ ಬಾರದ ಮನುಷ್ಯ, ನನಗೆ ನಿದ್ದೆ ಬರಲಿ ಎಂದು, ಬಾಗಿಲಾಚೆ ಮಲಗಿ ಗೊರಕೆ ಹೊಡೆಯುತ್ತಿದ್ದ. ಒಮ್ಮೆ ಉಗುಳು ನುಂಗಲು ನಿಲ್ಲಿಸಿ ಮತ್ತೆ ಶುರುಮಾಡಿದ.

ನಾನು ಅಲುಗಾಡಲಿಲ್ಲ. ಬಳೆ ಸದ್ದಾಗದ ಹಾಗೆ ಕೈಯನ್ನು ಎದೆಯ ಮೇಲಿಟ್ಟುಕೊಂಡು, ಮಲಗಿದವರ ಹಾಗೆ ಉದ್ದುದ್ದ ಉಸಿರು ಬಿಡತೊಡಗಿದೆ. ಅವನು ಕೇಳಿಸಿಕೊಂಡನೇನೋ, ಗೊರಕೆ ತುಸು ಹಗುರಾಯಿತು. ಹೀಗೆ ಬಹಳ ಹೊತ್ತು.

ಪೆರುಮಾಳ್ ಬಂದು ಕೆಮ್ಮಿದ. "ಅಣ್ಣಾ, ಲೇಟ್ ಆಗುತ್ತೆ."

ರಾಚಪ್ಪ ದೊಡ್ಡದಾಗಿ ಆಕಳಿಸಿ ಎದ್ದ. ನಾನೂ ಕೂದಲು ಕೆದರಿಕೊಂಡು, ಕಣ್ಣು ಉಜ್ಜಿಕೊಂಡು ಹೊರಗೆ ಬಂದೆ.

"ನಿದ್ದೆ ಬಂತಾ ಚೌಡಕ್ಕ?"

"ಬಂತು. ಎಂಥ ನಿದ್ದೆ ಅಂತೀಯ! ಕುತ್ತಿಗೆ ಎತ್ತೋಕಾಗ್ತಿಲ್ಲ."

ಅವನ ಮುಖಕ್ಕೆ ಒಂದು ನೆಮ್ಮದಿ ಬಂತು. ನನ್ನ ಹಾಸಿಗೆಯನ್ನು ಎತ್ತಿ ಹೊಸಿಲ ಒಳಗೆ ಇಟ್ಟ, ತನ್ನದನ್ನು ಸುತ್ತಿ ಮೂಟೆಗಳ ಮೇಲಕ್ಕೆ ಎಸೆದ. ಪೆಟ್ಟಿಗೆಯನ್ನು ಪೆರುಮಾಳ್ ಹತ್ತಿಸಿದ. ಹತ್ತುವ ಮುಂಚೆ ರಾಚಪ್ಪ ಪೆರುಮಾಳನ ಹೆಗಲು ಹಿಡಿದು ಜಗಲಿಯ ಕಡೆ ತಿರುಗಿಸಿದ.

"ನೋಡಿಕೋ. ಬೇರೆ ಎಲ್ಲೂ ನಿಲ್ಲಿಸಬೇಡ. ಇಲ್ಲೇ ಮಲಗು. ಗೋಡೆ ಕಡೆ ತಲೆ ಹಾಕು, ಬಿಸಿಲು ಬೀಳಲ್ಲ. ಒಳ್ಳೆ ನಿದ್ದೆ ಬರುತ್ತೆ ಇಲ್ಲಿ." ನೆರಳಿರುವ ಜಾಗ ತೋರಿಸುವಂತೆ, ನೀರು ಸಿಗುವ ಜಾಗ ತೋರಿಸುವಂತೆ ತೋರಿಸಿದ. ಆಮೇಲೆ ಕೀಯನ್ನು ಪೆರುಮಾಳನ ಕೈಗೆ ಕೊಟ್ಟು, ಆಚೆ ಕಡೆಯ ಸೀಟಿಗೆ ಹೋಗಿ ಹತ್ತಿದ. ಹಾಗಾಗಿ ಅವನ ಮುಖ ನನಗೆ ಕಾಣಲಿಲ್ಲ. ಲಾರಿ ಹೊರಟಿತು. ಮಲಗಿದ ಬೀದಿ ಎದ್ದು ನೋಡಲಿಲ್ಲ, ಸೀನಿದವರೂ ಇಲ್ಲ.

ಎಂಟನೆಯ ದಿನಕ್ಕೋ ಏನೋ ಪೆರುಮಾಳ್ ಒಬ್ಬನೇ ಬಂದ. ಅಣ್ಣ ಅಕ್ಕನ ಮನೆಯಲ್ಲಿದ್ದಾರೆ, ಕಣ್ಣಿನ ಆಪರೇಷನ್ ಮಾಡಿಸಿದ್ದಾರೆ ಎಂದ. "ನಿದ್ದೆ ಮಾಡ್ತಾರಾ?" ಎಂದು ಕೇಳಿದೆ. "ತಿಳಿಯಲಿಲ್ಲ ಅಕ್ಕ, ಕೇಳಲಿಲ್ಲ" ಎಂದ. ಉಂಡ. ಸಾರು ಚೆನ್ನಾಗಿದೆ ಎಂದ. ಗೋಡೆಯ ಕಡೆ ತಲೆ ಹಾಕಿಕೊಂಡು ಜಗಲಿಯ ಮೇಲೆ ಮಲಗಿದ.

ನಾನು ಮಲಗಲಿಲ್ಲ. ಬಾಗಿಲಿಗೆ ಬೆನ್ನು ಕೊಟ್ಟು ನೆಟ್ಟಗೆ ಕೂತೆ. ಇವತ್ತೊಂದು ದಿನ ಬೇಡ, ಬಂದವನ ನಿದ್ದೆಗೆಲ್ಲ ಹೀಗೆ ಕೈ ಚಾಚುವುದು ಬೇಡ ಎಂದುಕೊಂಡೆ. ಕಣ್ಣು ಎಳೆಯಿತು, ತಣ್ಣೀರು ಚಿಮುಕಿಸಿಕೊಂಡೆ. ಮತ್ತೆ ಎಳೆಯಿತು, ತುಟಿ ಕಚ್ಚಿಕೊಂಡೆ. ರಾಚಪ್ಪ ಎಂದು ಗಟ್ಟಿಯಾಗಿ ಹೇಳಿಕೊಂಡೆ. ಎಷ್ಟು ತಡೆದೆನೋ ತಿಳಿಯದು. ಪೆರುಮಾಳ್ ನಿಶ್ಚಿಂತೆಯ ಮನುಷ್ಯ, ಅವನದು ಬಹಳ ಆಳದ ನಿದ್ದೆ.

ಎಚ್ಚರವಾದಾಗ ಲಾರಿ ಹೋಗಿತ್ತು. ನೆಲದ ಮೇಲೆ ಒಂದು ಮಗ್ಗುಲಿಗೆ ಬಿದ್ದಿದ್ದೆ. ವಾರದ ಉರಿಯೆಲ್ಲ ಇಳಿದು ಕಣ್ಣು ತಂಪಾಗಿತ್ತು, ಮೈ ಹಗುರವಾಗಿತ್ತು. ಇಷ್ಟು ಒಳ್ಳೆಯ ನಿದ್ದೆ ರಾಚಪ್ಪನಿಂದಲೂ ನನಗೆ ಎಂದೂ ಸಿಕ್ಕಿರಲಿಲ್ಲ. ಅದು ಗೊತ್ತಾದ ಮೇಲೆ, ಗುರುಸಿದ್ದಮ್ಮನಿಗೆ ಕೇಳಿಸದ ಹಾಗೆ ಸೆರಗನ್ನು ಬಾಯಿಗೆ ಒತ್ತಿಕೊಂಡು, ಅಲ್ಲೇ ಕೂತು ಅತ್ತೆ.